ಬೆನ್ನುಹುರಿ ಪೆಟ್ಟು: ಡಿಸ್ಚಾರ್ಜ್ ಆದ ಮೇಲೆ ಮಾತ್ರೆ, ಕ್ಯಾಥೆಟರ್, ಹೋಂ ನರ್ಸ್ ಹೊಂದಿಸುವುದು ಹೇಗೆ?

ಶಿರಾ_ರಸ್ತೆ ಕೇಳಿದ್ದು:

ಅಣ್ಣನಿಗೆ 34 ವರ್ಷ. ಬೆನ್ನುಹುರಿಗೆ ಟಿ4 ಮಟ್ಟದಲ್ಲಿ (ಎದೆ ಭಾಗದ ನಾಲ್ಕನೇ ಮಟ್ಟ) ಪೆಟ್ಟಾಗಿದೆ, ಎದೆಯಿಂದ ಕೆಳಗೆ ಸ್ವಾಧೀನ ಇಲ್ಲ, ಕೈಗಳು ಚೆನ್ನಾಗಿವೆ. ಮುಂದಿನ ವಾರ ಡಿಸ್ಚಾರ್ಜ್. ಊರು ತುಮಕೂರು ಜಿಲ್ಲೆಯ ಹಳ್ಳಿ, ಹತ್ತಿರದ ಮೆಡಿಕಲ್ ಶಾಪ್ 9 ಕಿ.ಮೀ. ದೂರ. ಸ್ನಾಯು ಸೆಟೆತಕ್ಕೆ ಬ್ಯಾಕ್ಲೋಫೆನ್ 10 ಮಿ.ಗ್ರಾಂ ದಿನಕ್ಕೆ ಮೂರು, ರಾತ್ರಿ ಡಯಾಜೆಪಾಂ ಒಂದು ಬರೆದಿದ್ದಾರೆ. 16 ನಂಬರ್ ಫೋಲಿ ಕ್ಯಾಥೆಟರ್ (ಮೂತ್ರಕೋಶದ ಒಳಗೇ ಉಳಿಯುವ ನಳಿಕೆ) ಹಾಕಿದ್ದಾರೆ.

ಪ್ರತಿ ತಿಂಗಳು ಅವನನ್ನು ಗಾಡಿಯಲ್ಲಿ ಹೊತ್ತೊಯ್ಯದೆ ಮಾತ್ರೆ ತರುವುದು ಹೇಗೆ? ಕ್ಯಾಥೆಟರ್ ಬದಲಿಸುವವರು ಯಾರು? ಹೋಂ ನರ್ಸ್ ಏಜೆನ್ಸಿಯವರನ್ನು ಏನೇನು ಕೇಳಬೇಕು? ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇನ್ನೂ ಆಗಿಲ್ಲ.

ವಾರ್ಡ್_ಸಿಸ್ಟರ್:

ಮೊದಲು ಕ್ಯಾಥೆಟರ್ ವಿಷಯ. ಡಿಸ್ಚಾರ್ಜ್‌ಗೆ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ: ಫೋಲಿ ತೆಗೆದು, ಅವರೇ ಹೊತ್ತುಹೊತ್ತಿಗೆ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳುವುದನ್ನು (ಸಿಐಸಿ ಅನ್ನುತ್ತಾರೆ) ಕಲಿಸಲು ಆಗುತ್ತದೆಯೇ? ಟಿ4 ಪೆಟ್ಟಿನಲ್ಲಿ ಕೈ ಆಡುವುದರಿಂದ ಹೆಚ್ಚಿನವರು ಕಲಿಯುತ್ತಾರೆ. 4ರಿಂದ 6 ಗಂಟೆಗೊಮ್ಮೆ ತೆಗೆಯಬೇಕು, ಒಂದು ಸಲಕ್ಕೆ 500 ಮಿ.ಲೀ. ದಾಟಬಾರದು. ದಾಟುತ್ತಿದ್ದರೆ ನಡುವಿನ ಅವಧಿ ಕಡಿಮೆ ಮಾಡಿ. ಸದಾ ಒಳಗೇ ಇರುವ ಫೋಲಿಗಿಂತ ಇದರಲ್ಲಿ ಸೋಂಕು, ಕಲ್ಲಿನ ಕಾಟ ಕಡಿಮೆ. ವಾರ್ಡ್‌ನಲ್ಲಿ ಇರುವಾಗಲೇ ಕಲಿತರೆ ತಪ್ಪು ತಿದ್ದುವವರು ಪಕ್ಕದಲ್ಲೇ ಇರುತ್ತಾರೆ.

ಫೋಲಿಯೇ ಇರಲಿ ಎಂದರೆ ಅದು ಲ್ಯಾಟೆಕ್ಸೋ ಸಿಲಿಕೋನೋ ಕೇಳಿ. ಲ್ಯಾಟೆಕ್ಸ್ ಸುಮಾರು 4 ವಾರ, ಪೂರ್ತಿ ಸಿಲಿಕೋನ್ 12 ವಾರದವರೆಗೆ. ವರ್ಷಗಟ್ಟಲೆ ಬಳಸುವವರಿಗೆ ಲ್ಯಾಟೆಕ್ಸ್ ಅಲರ್ಜಿ ಬರುವುದುಂಟು, ಹಾಗಾಗಿ ಸಿಲಿಕೋನ್ ವಾಸಿ. ತುದಿಯ ಕವಾಟ ಕಿತ್ತಳೆ ಬಣ್ಣದ್ದಾದರೆ 16, ಹಸಿರಾದರೆ 14. ಅಂಗಡಿಯವರು ಬೇರೆ ನಂಬರ್ ಕೊಟ್ಟರೆ ಬಣ್ಣದಲ್ಲೇ ಗೊತ್ತಾಗುತ್ತದೆ. ನಳಿಕೆ ಜಾರದಂತೆ ಒಳಗೆ ಹಿಡಿದಿಡುವ ಬಲೂನಿಗೆ ಸ್ಟೆರೈಲ್ ವಾಟರ್ ಮಾತ್ರ, ಸಲೈನ್ ಬೇಡ. ಉಪ್ಪು ಹರಳುಗಟ್ಟಿ ಸಣ್ಣ ನಾಳ ಕಟ್ಟಿಕೊಂಡರೆ ತೆಗೆಯುವಾಗ ಬಲೂನ್ ಇಳಿಯುವುದಿಲ್ಲ. ಎಷ್ಟು ಮಿ.ಲೀ. ಎಂದು ಕವಾಟದ ಮೇಲೇ ಅಚ್ಚಾಗಿರುತ್ತದೆ.

ಮನೆಯಲ್ಲಿ ಸದಾ ಇರಬೇಕಾದ್ದು: ಅದೇ ಅಳತೆಯ ಕ್ಯಾಥೆಟರ್ ಎರಡು, ಒಂದು ಅಳತೆ ಚಿಕ್ಕದು ಒಂದು, ಲಿಗ್ನೋಕೇನ್ ಜೆಲ್ಲಿ, 10 ಮಿ.ಲೀ. ಸಿರಿಂಜ್ ಎರಡು, ಸ್ಟೆರೈಲ್ ವಾಟರ್, ಸ್ಟೆರೈಲ್ ಗ್ಲೌಸ್, ಯೂರಿನ್ ಬ್ಯಾಗ್ ಎರಡು. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ.

ಈಗ ಹೇಳುವುದನ್ನು ದಯವಿಟ್ಟು ಮನೆಯವರೆಲ್ಲ ಓದಿ. ಟಿ6 ಅಥವಾ ಅದಕ್ಕಿಂತ ಮೇಲೆ (ಟಿ4 ಅದಕ್ಕಿಂತ ಮೇಲಿನದೇ) ಪೆಟ್ಟಾದವರಿಗೆ ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ಅಪಾಯವಿದೆ. ಕ್ಯಾಥೆಟರ್ ಕಟ್ಟಿಕೊಂಡರೆ ಅಥವಾ ಮಲ ಗಟ್ಟಿಯಾಗಿ ನಿಂತರೆ ಬಿ.ಪಿ. ಏಕಾಏಕಿ ಏರುತ್ತದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು. ಇಂಥವರ ಮಾಮೂಲಿ ಬಿ.ಪಿ.ಯೇ 90-110ರ ಸುಮಾರಿಗೆ ಇರುವುದರಿಂದ 140 ಬಂದರೆ "ಅಷ್ಟೇನಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಅವರ ಪಾಲಿಗೆ ಅದು ತುಂಬಾ ಹೆಚ್ಚು. ತಕ್ಷಣ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಮಲಗಿಸಬೇಡಿ. ಬಿಗಿ ಬಟ್ಟೆ, ಬ್ಯಾಗಿನ ಪಟ್ಟಿ ಸಡಿಲಿಸಿ. ಟ್ಯೂಬ್ ಮಡಚಿದೆಯೇ, ಬ್ಯಾಗ್ ತುಂಬಿದೆಯೇ ನೋಡಿ. ಹರಿಯದಿದ್ದರೆ ಕ್ಯಾಥೆಟರ್ ಆಗಲೇ ಬದಲಾಗಬೇಕು. ಬದಲಿಸುವವರು ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಈ ತೊಂದರೆಯ ಹೆಸರು, ಪೆಟ್ಟಿನ ಮಟ್ಟ, ಮಾಮೂಲಿ ಬಿ.ಪಿ. ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಫೈಲಿನ ಮೇಲೆ ಅಂಟಿಸಿ. ಎಲ್ಲ ಕ್ಯಾಶುವಾಲಿಟಿಯಲ್ಲೂ ಇದನ್ನು ಕಂಡವರು ಇರುವುದಿಲ್ಲ.

ಕೌಂಟರ್_ಫಾರ್ಮಸಿಸ್ಟ್:

ಬ್ಯಾಕ್ಲೋಫೆನ್ ಒಂದು ದಿನವೂ ತಪ್ಪಬಾರದು. ಏಕಾಏಕಿ ನಿಂತರೆ ಸ್ನಾಯು ಸೆಟೆತ ಮೊದಲಿಗಿಂತ ಜೋರಾಗಿ ಬರುತ್ತದೆ, ಜ್ವರ, ಭ್ರಮೆ, ಫಿಟ್ಸ್ ಕೂಡ ಬರಬಹುದು. ತಿಂಗಳಿಗೆ 90 ಮಾತ್ರೆ ಬೇಕು. 30 ಉಳಿದಾಗಲೇ, ಅಂದರೆ ಹತ್ತು ದಿನ ಇರುವಾಗಲೇ ತರಿಸಿ. ಹಳ್ಳಿ ಕಡೆಯ ಅಂಗಡಿಗಳಲ್ಲಿ ಇದು ಬೇಡಿಕೆಯ ಮಾತ್ರೆ ಅಲ್ಲ, ಸ್ಟಾಕ್ ಇರುವುದಿಲ್ಲ. ಚೀಟಿಯ ಫೋಟೊ ಕಳಿಸಿ ನಾಲ್ಕೈದು ದಿನ ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ.

ಚೀಟಿ ಬರೆಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಔಷಧ ನಿಯಮದ ಪ್ರಕಾರ, ಡಾಕ್ಟರು ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಕೊಡಬೇಕು. ಅದಕ್ಕೇ "30 ದಿನಕ್ಕೊಮ್ಮೆ, ಮೂರು ಬಾರಿ ಕೊಡಬಹುದು" ಎಂದು ಚೀಟಿಯಲ್ಲೇ ಬರೆಸಿ. ಬ್ರ್ಯಾಂಡ್ ಹೆಸರಿದ್ದರೆ ಅದರ ಬದಲು ಬೇರೆ ಕಂಪನಿಯದನ್ನು ನಾವಾಗಿ ಕೊಡುವಂತಿಲ್ಲ. ಜನೆರಿಕ್ ಹೆಸರು ದೊಡ್ಡಕ್ಷರದಲ್ಲಿ ಇದ್ದರೆ ಯಾವ ಅಂಗಡಿಯಲ್ಲೂ, ಜನೌಷಧಿಯಲ್ಲೂ ಸಿಗುವುದನ್ನು ತೆಗೆದುಕೊಳ್ಳಬಹುದು. ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ತಾರೀಕು ಇವೆಯೇ ನೋಡಿಕೊಳ್ಳಿ.

ಡಯಾಜೆಪಾಂ ಔಷಧ ನಿಯಮದ ಎಚ್1 ಪಟ್ಟಿಯದು. ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆವು ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಅಂಗಡಿಯವರು ವಿವರ ಕೇಳಿದರೆ ಅನುಮಾನದಿಂದ ಅಲ್ಲ. ಅಣ್ಣ ಬರಬೇಕಿಲ್ಲ, ಮೂಲ ಚೀಟಿ ತಂದರೆ ಮನೆಯವರಿಗೇ ಕೊಡುತ್ತೇವೆ.

ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಎಕ್ಸ್‌ಪೈರಿ ಇರುವ ತುದಿ ನಿಮ್ಮ ಕಡೆ ಬಂದಿದೆಯೇ ನೋಡಿ. ಶೀತಕ್ಕೆಂದು ನಿದ್ದೆ ತರಿಸುವ ಮಾತ್ರೆ ಕೇಳುವ ಮುನ್ನ ಈ ಎರಡು ಮಾತ್ರೆಗಳ ಹೆಸರು ಹೇಳಿ. ಮಂಪರು ಕೂಡಿಕೊಂಡು ಉಸಿರು ನಿಧಾನವಾಗುತ್ತದೆ. ಬ್ಯಾಕ್ಲೋಫೆನ್ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯಿಂದ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತೆ) ಏರಿದರೆ ಡೋಸ್ ಬದಲಿಸಬೇಕಾಗುತ್ತದೆ.

ಪಂಚಾಯ್ತಿ_ಪುನರ್ವಸತಿ:

ಯುಡಿಐಡಿ ಅರ್ಜಿ ಡಿಸ್ಚಾರ್ಜ್‌ಗೆ ಮೊದಲೇ ಹಾಕಿ. ಆಧಾರ್, ಫೋಟೊ, ವಿಳಾಸದ ದಾಖಲೆ ಸಾಕು. ಈಗ ಇರುವ ಆಸ್ಪತ್ರೆಯಲ್ಲೇ ತಪಾಸಣೆ ಆಗುತ್ತದೆಯೇ ವಿಚಾರಿಸಿ, ಇಲ್ಲವಾದರೆ ಅದೊಂದಕ್ಕೇ ಮತ್ತೆ ಜಿಲ್ಲಾಸ್ಪತ್ರೆಗೆ ಕರೆದೊಯ್ಯಬೇಕು. ಊರಿನಲ್ಲಿ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಪಿಂಚಣಿ, ಗಾಲಿಕುರ್ಚಿ ಅರ್ಜಿ ಅವರ ಕೆಲಸವೇ. ಪಿಎಚ್‌ಸಿ ವೈದ್ಯಾಧಿಕಾರಿಗೆ ಡಿಸ್ಚಾರ್ಜ್ ಸಮ್ಮರಿ ಕೊಟ್ಟು, ಕ್ಯಾಥೆಟರ್ ಬದಲಿಸಲು ನರ್ಸ್ ಮನೆಗೆ ಬರಬಲ್ಲರೇ ಎಂದು ಕೇಳಿ, ತಾರೀಕು ಗೊತ್ತುಮಾಡಿ. ಆಶಾ ಅವರಿಗೂ ಆ ತಾರೀಕು ಗೊತ್ತಿರಲಿ.

ಏಜೆನ್ಸಿಯವರು "ಹೋಂ ನರ್ಸ್" ಎಂದು ಕಳಿಸುವವರಲ್ಲಿ ಬಹಳ ಜನ ಅಟೆಂಡರ್‌ಗಳು. ಸ್ನಾನ, ಮಗ್ಗುಲು ಬದಲಿಸುವುದು, ಬ್ಯಾಗ್ ಖಾಲಿ ಮಾಡುವುದು ಅವರಿಂದ ಆಗುತ್ತದೆ. ಫೋಲಿ ಹಾಕುವುದು, ಇಂಜೆಕ್ಷನ್ ಅವರಿಗೆ ಬಿಡಬೇಡಿ. ನರ್ಸ್ ಎಂದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ರಜೆ ಹಾಕಿದರೆ ಬದಲಿ ಯಾರು, ಎಷ್ಟು ಹೊತ್ತಿನಲ್ಲಿ ಬರುತ್ತಾರೆ ಎಂಬುದು ಬರವಣಿಗೆಯಲ್ಲೇ ಇರಲಿ. ಒಬ್ಬರೇ ಎತ್ತಿ ಕುರ್ಚಿಗೆ ಕೂರಿಸಬಲ್ಲರೇ ಎಂದು ಮೊದಲ ದಿನ ಕಣ್ಣಾರೆ ನೋಡಿ.

ಮಲಗಿದಾಗ 2 ಗಂಟೆಗೊಮ್ಮೆ ಮಗ್ಗುಲು, ಏರ್ ಬೆಡ್ ಇದ್ದರೂ ತಪ್ಪಿಸುವಂತಿಲ್ಲ. ಗೋಡೆಗೆ ಹಾಳೆ ಅಂಟಿಸಿ ಗಂಟೆ, ಮಗ್ಗುಲು, ಮೂತ್ರದ ಅಳತೆ, ಸಹಿ ಬರೆಸಿ. ಹಿಮ್ಮಡಿ, ಬಾಲಮೂಳೆ, ಕೂರುವ ಮೂಳೆಯ ಜಾಗ ದಿನಾ ನೋಡಿ. ಒತ್ತಿದರೂ ಮಾಸದ ಕೆಂಪು ಕಂಡರೆ ಆ ಜಾಗಕ್ಕೆ ಭಾರ ಬೀಳಲೇಬಾರದು. ಸ್ಪರ್ಶ ಇಲ್ಲದ ಕಾಲಿಗೆ ಬಿಸಿನೀರಿನ ಬ್ಯಾಗ್ ಇಡಲೇಬೇಡಿ.

ಶಿರಾ_ರಸ್ತೆ:

ಎಲ್ಲರಿಗೂ ವಂದನೆ. ಸಿಐಸಿ ಬಗ್ಗೆ ನಾಳೆಯೇ ಕೇಳುತ್ತೇನೆ. ಮಾತ್ರೆ ಚೀಟಿ ಮುಗಿದಾಗ ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವೆ) ಬರೆಸಿಕೊಳ್ಳಬಹುದಾ?

ಕೌಂಟರ್_ಫಾರ್ಮಸಿಸ್ಟ್:

ಬ್ಯಾಕ್ಲೋಫೆನ್ ಮುಂದುವರಿಸಲು ಕೇಳಬಹುದು, ಹಳೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ಡಯಾಜೆಪಾಂ ಆಗುವುದಿಲ್ಲ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಅಂಥ ಮಾತ್ರೆಗಳನ್ನು ಫೋನ್, ವಿಡಿಯೊದಲ್ಲಿ ಬರೆಯುವುದು ನಿಷೇಧ. ಅದು ಎಷ್ಟು ದಿನ ಬೇಕು, ಬಿಡಿಸುವಾಗ ಹೇಗೆ ಇಳಿಸಬೇಕು ಎಂಬುದನ್ನು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ಅದನ್ನೂ ಒಮ್ಮೆಲೇ ನಿಲ್ಲಿಸುವಂತಿಲ್ಲ.