ಪದಚರ್ಚೆ: ಸರ್ ಎಂ.ವಿ. ಅವರಿಗೆ 'ರಾಜಕಾರಣಿ' ಸರಿಹೋಗುತ್ತಾ? (ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ನಮ್ಮ ಶಾಲೆಯ ಲೈಬ್ರರಿಗೆ ವಿಶ್ವೇಶ್ವರಯ್ಯನವರ ಫಲಕ ಬರೆಸುತ್ತಿದ್ದೇವೆ. ಯಾರೋ ಇಂಗ್ಲಿಷಿನಿಂದ ಇಳಿಸಿಕೊಟ್ಟ ಸಾಲು: 'ಎಂಜಿನಿಯರ್, ರಾಜಕಾರಣಿ, ಉದ್ಯಮ ಕಾರ್ಯನಿರ್ವಾಹಕ'. ಕೊನೆಯ ಎರಡು ನನಗೆ ಒಗ್ಗುತ್ತಿಲ್ಲ. ಬೋರ್ಡ್ ಬರೆಯುವವರು ಐದು ಗಂಟೆಗೆ ಬರುತ್ತಾರೆ. ಇರುವುದು ಒಂದೇ ಸಾಲಿನ ಜಾಗ.

---

'ರಾಜಕಾರಣಿ' ಖಂಡಿತ ಬೇಡ. ಅವರು ಚುನಾವಣೆಗೆ ನಿಂತವರಲ್ಲ. 1912ರಲ್ಲಿ ನಾಲ್ವಡಿಯವರು ದಿವಾನರನ್ನಾಗಿ ನೇಮಿಸಿದರು, 1918ರಲ್ಲಿ ಇವರೇ ಬಿಟ್ಟರು. 'ಮುತ್ಸದ್ದಿ' ಹಾಕಿ. 'ಎಂಜಿನಿಯರ್' ತೆಗೆದು 'ಅಭಿಯಂತರ' ಮಾಡಿ, ಚೆನ್ನಾಗಿರುತ್ತೆ.

---

ಅಭಿಯಂತರ ಬೇಡ. ಮನೆ ಕಟ್ಟಿಸುವ ಯಾರಾದರೂ 'ಅಭಿಯಂತರರನ್ನು ಕರೀರಿ' ಅಂದದ್ದು ಕೇಳಿದ್ದೀರಾ? ಸಂಸ್ಕೃತದಿಂದ ಬಂದರೆ ನಮ್ಮದು, ಇಂಗ್ಲಿಷಿನಿಂದ ಬಂದರೆ ಹೊರಗಿನದು. ಇದ್ಯಾವ ಲೆಕ್ಕ?

ನಿಮ್ಮ 'ಮುತ್ಸದ್ದಿ' ಕೂಡ ಅರಬ್ಬಿಯ ಮುತಸದ್ದಿ. ಮೊಗಲರ ಕಾಲದಲ್ಲಿ ಲೆಕ್ಕಪತ್ರ ನೋಡುವವನ ಹೆಸರು. ನಮ್ಮಲ್ಲಿಗೆ ಬಂದ ಮೇಲೆ ರಾಜ್ಯ ನಡೆಸುವ ಜಾಣನಾಯಿತು. 'ದಿವಾನ' ಫಾರ್ಸಿಯದು. ಮೊದಲು ಲೆಕ್ಕದ ಕಡತ, ಆಮೇಲೆ ಅದನ್ನಿಟ್ಟ ಕಚೇರಿ, ಕೊನೆಗೆ ಆ ಕಚೇರಿಯ ಯಜಮಾನ. ಎರಡೂ ಹೊರಗಿನವೇ ಆದಾಗ, ಅವರು ಕೂತ ಹುದ್ದೆಯ ಹೆಸರನ್ನೇ ಬರೆಯೋದು ಸರಿ ಅಲ್ವಾ? 'ದಿವಾನರು' ಸಾಕು.

'ಕಾರ್ಯನಿರ್ವಾಹಕ' ಇನ್ನೂ ತೊಂದರೆ. ಲೋಕೋಪಯೋಗಿ ಇಲಾಖೆಯಲ್ಲಿ ಕಾರ್ಯಪಾಲಕ ಇಂಜಿನಿಯರ್ ಇದ್ದಾರೆ, ಜಿಲ್ಲಾ ಪಂಚಾಯಿತಿಯಲ್ಲಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಇದ್ದಾರೆ. ಮಕ್ಕಳು ಇದನ್ನೂ ಸರ್ಕಾರಿ ನೌಕರಿ ಅಂದುಕೊಳ್ಳುತ್ತಾರೆ. ಅವರು ದಿವಾನಗಿರಿ ಬಿಟ್ಟ ಮೇಲೆ, 1923ರಲ್ಲಿ, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಗೆ ಅಧ್ಯಕ್ಷರಾದರು. ಊರಿನ ಹೆಸರು ಹಾಕಿ ಅದನ್ನೇ ಬರೆಯಿರಿ.

---

ದಿವಾನರಿಗೆ ಅಚ್ಚಗನ್ನಡದಲ್ಲಿ 'ಮೇಲಾಳು' ಅನ್ನಬಹುದಿತ್ತು. ಫಾರ್ಸಿಗೆ ಯಾಕೆ ಕೈಚಾಚಬೇಕು? ಹೀಗೇ ಸಾಲ ಮಾಡಿಕೊಂಡು ನಮ್ಮ ಬೇರನ್ನು ಮರೆತಿದ್ದೇವೆ.

---

ಮೇಲಾಳು ಅಂದರೆ ಕೆಲಸ ಮಾಡಿಸುವ ಮೇಸ್ತ್ರಿ ಅನಿಸುತ್ತೆ. ಆಗಲ್ಲ. ಸಾಲದ ಪದಗಳನ್ನೆಲ್ಲ ತೆಗೆದರೆ ನಿಮಗೆ ಕಚೇರಿ, ಅರ್ಜಿ, ಜಮೀನು, ವಕೀಲ ಯಾವುದೂ ಉಳಿಯಲ್ಲ. ಇನ್ನೂರು ವರ್ಷ ನಮ್ಮ ಅಜ್ಜಂದಿರು ಆಡಿದ ಮಾತದು.

---

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಎಂಜಿನಿಯರ್, ಮೈಸೂರಿನ ದಿವಾನರು, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರು' ಅಂತ ಕೊಟ್ಟೆ. ಬೋರ್ಡ್‌ನವರು ಸೀಮೆಸುಣ್ಣದಲ್ಲಿ ಗೆರೆ ಎಳೆದು ಮೊದಲ ಅಕ್ಷರಕ್ಕೇ ನಿಂತಿದ್ದಾರೆ. ಇಲಾಖೆ ಬೋರ್ಡುಗಳಲ್ಲಿ ಅವರು ಯಾವಾಗಲೂ 'ಇಂಜಿನಿಯರ್' ಅಂತಲೇ ಬರೆದದ್ದಂತೆ. ಎಂ ಹಾಕಿಸಲಾ, ಇಂ ಹಾಕಿಸಲಾ? ಬೇಗ ಹೇಳಿ.