ಸಹಾಯ ಬೇಕು: ದನದ ಹೊಟ್ಟೆ ಮಾಡಲಿಕ್ಕುಂಟು!

ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳನೇ ಕ್ಲಾಸು, ಮುಂದಿನ ಶನಿವಾರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ ಪ್ರಾಣಿಗಳ ಜೀರ್ಣಾಂಗದ ಮಾಡೆಲ್ ಮಾಡಬೇಕು. ಪಶುವೈದ್ಯರು, ಜೀವಶಾಸ್ತ್ರದ ಟೀಚರ್‌ಗಳು ಇದ್ದರೆ ಸ್ವಲ್ಪ ನೋಡಿ.

ಕರುಳಿನ ಕೆಲಸ ಮುಗಿದಿದೆ. ಮಲ್ಪೆಯಿಂದ ಬೋಟಿನ ಹಳೇ ಹಗ್ಗ ತಂದು, ಒಂದು ಮೀಟರಿಗೆ 10 ಸೆಂಟಿಮೀಟರ್ ಲೆಕ್ಕದಲ್ಲಿ ಸಣ್ಣ ಕರುಳು ಕತ್ತರಿಸಿದೆವು. ದನದ್ದು ಸುಮಾರು 40 ಮೀಟರ್, ಹಾಗಾಗಿ 4 ಮೀಟರ್ ಹಗ್ಗ. ಮನುಷ್ಯನಿಗೆ 60 ಸೆಂಟಿಮೀಟರ್. ಬೆಕ್ಕಿನದ್ದು ಒಂದು ಗೇಣೂ ಇಲ್ಲ! ಮಾಂಸ ಬೇಗ ಕರಗುತ್ತದೆ, ಹುಲ್ಲಿಗೆ ಹೊತ್ತು ಬೇಕು ಅಂತ ಅವಳಿಗೆ ಅದರಲ್ಲೇ ಗೊತ್ತಾಯಿತು.

ಸಿಕ್ಕಿಬಿದ್ದದ್ದು ಹೊಟ್ಟೆಯಲ್ಲಿ. ಕಾರ್ಕಳದ ಅಜ್ಜಿಮನೆ ಹಟ್ಟಿಯಲ್ಲಿ ದನ ಮೆಲುಕು ಹಾಕುವಾಗ ಗಂಟಲಲ್ಲಿ ಉಂಡೆ ಮೇಲೆ ಬರುವುದನ್ನು ಇವಳು ನೋಡಿದ್ದಾಳೆ, ಅದನ್ನೇ ತೋರಿಸಬೇಕಂತೆ. ನಾಲ್ಕು ಕೋಣೆಗೆ ನಾಲ್ಕು ಬಲೂನು ಕಟ್ಟಿದೆವು, ರುಮೆನ್ (ಎಲ್ಲಕ್ಕಿಂತ ದೊಡ್ಡ, ಮೊದಲ ಕೋಣೆ) ಎರಡು ಸಲ ಒಡೆಯಿತು. ಇನ್ನು, ಹುಲ್ಲಿನ ನಾರನ್ನು ಕರಗಿಸುವುದು ದನ ಅಲ್ಲ, ಅದರೊಳಗಿನ ಸೂಕ್ಷ್ಮಜೀವಿಗಳು. ಅದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುವುದು ಹೇಗೆ? ಉಬ್ಬಿದ ಇಡ್ಲಿ ಹಿಟ್ಟು ಇಡುವ ಅಂತ ನನ್ನ ಐಡಿಯಾ. ಮಗಳಿಗೆ ನಾಚಿಕೆಯಂತೆ.

ಮತ್ತೆ ಮೊಲ. ಅದಕ್ಕೆ ಒಂದೇ ಕೋಣೆಯ ಹೊಟ್ಟೆ, ಹುಲ್ಲು ಹುದುಗುವುದು ಹಿಂದೆ ಸೀಕಮ್‌ನಲ್ಲಿ, ಅಂದರೆ ದೊಡ್ಡ ಕರುಳು ಶುರುವಾಗುವಲ್ಲಿರುವ ಚೀಲದಲ್ಲಿ. ತನ್ನದೇ ಮೆತ್ತನೆ ಹಿಕ್ಕೆ ತಿನ್ನುತ್ತದೆ ಅಂತ ಚಾರ್ಟಿನಲ್ಲಿ ಬರೆದರೆ ಇಡೀ ಕ್ಲಾಸು ನಗುತ್ತದೆ. ಬರೆಯುವುದಾ, ಬಿಡುವುದಾ?

ದನದ ತಲೆಬುರುಡೆ ಉಡುಪಿ, ಮಣಿಪಾಲ ಕಡೆ ಯಾರಲ್ಲಾದರೂ ಇದ್ದರೆ ಎರಡು ದಿನಕ್ಕೆ ಕೊಡಿ. ಅದಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ ಅಂದರೆ ಯಾರೂ ನಂಬುವುದಿಲ್ಲ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.