ಸಂದರ್ಶನದವರೆಗೆ ಹೋಗಿಯೂ ಸೀಟು ಸಿಗಲಿಲ್ಲ: ಈ ದಿನಗಳನ್ನು ಹೇಗೆ ಕಳೆಯಲಿ?

ಪ್ರಶ್ನೆ: ಗಂಗಾವಳಿ ದಂಡೆಯವಳು, ಅಂಕೋಲಾ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದೇನೆ. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದವಳು. ಜೀವವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆಯಿಂದ, ಬಹಳ ಕಡಿಮೆ ಸೀಟುಗಳಿರುವ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ಅದರ ಹೆಸರು ಇಲ್ಲಿ ಬೇಡ. ಲಿಖಿತ ಪರೀಕ್ಷೆ ದಾಟಿ ಸಂದರ್ಶನಕ್ಕೆ ಕರೆ ಬಂದಾಗ ಮನೆಯಲ್ಲಷ್ಟೇ ಅಲ್ಲ, ಕೇರಿಗೆಲ್ಲ ಸುದ್ದಿಯಾಗಿತ್ತು. ಕಳೆದ ವಾರ ಉತ್ತರ ಬಂತು. ನನ್ನನ್ನು ಆಯ್ಕೆ ಮಾಡಿಲ್ಲವೆಂದು ತಿಳಿಸುವ ಮೂರು ಸಾಲು, ಅಷ್ಟೇ. ವೇಟಿಂಗ್ ಲಿಸ್ಟಿನಲ್ಲೂ ನನ್ನ ಹೆಸರಿಲ್ಲ.

ಸಂದರ್ಶನದಲ್ಲಿ ನಮ್ಮ ಕಡೆಯ ಗಜನಿ ಗದ್ದೆಗಳ ಬಗ್ಗೆ, ಉಪ್ಪುನೀರು ನುಗ್ಗುವ ಆ ನೆಲದಲ್ಲಿ ಬೆಳೆಯುವ ಕಗ್ಗ ಭತ್ತದ ಬಗ್ಗೆ ನಾನಾಗಿಯೇ ಹೇಳಿದೆ. ಅವರು ಆಸಕ್ತಿಯಿಂದಲೇ ಕೇಳಿದರು. ಆಮೇಲೆ ಒಬ್ಬರು, "ಉಪ್ಪನ್ನು ತಾಳಿಕೊಳ್ಳುವುದು ಆ ತಳಿಯ ಗುಣವೋ ಅಥವಾ ಮಳೆನೀರು ಉಪ್ಪನ್ನು ತೊಳೆದುಬಿಡುವುದರಿಂದ ಅದು ಬದುಕುತ್ತದೆಯೋ, ಇದನ್ನು ಬೇರ್ಪಡಿಸಿ ತಿಳಿಯುವುದು ಹೇಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಬಾಯಿ ಕಟ್ಟಿತು. ಉತ್ತರ ಗೊತ್ತಿರಲಿಲ್ಲವೋ, ಇಂಗ್ಲಿಷ್ ಬರಲಿಲ್ಲವೋ ಎಂಬುದು ಇವತ್ತಿಗೂ ನನಗೆ ತಿಳಿಯುತ್ತಿಲ್ಲ. ಪ್ರತಿ ರಾತ್ರಿ ಆ ಕೋಣೆ ಮತ್ತೆ ಕಣ್ಣ ಮುಂದೆ ಬರುತ್ತದೆ.

ಅಪ್ಪ ನಮ್ಮ ಎರಡು ಕರಿ ಈಶಾಡು ಮಾವಿನ ಮರಗಳ ಹಣ್ಣು ಮಾರಿದ ದುಡ್ಡನ್ನು ಬೇರೆ ಎತ್ತಿಟ್ಟಿದ್ದರು. ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ಕೇಳಿ ಬಂದಿದ್ದರು. ಈಗ ಅಲ್ಲಿಗೆ ಹೋಗಿ ಸಾಲ ಬೇಡವೆಂದು ಹೇಳಬೇಕಾದವರೂ ಅವರೇ. ಅವರು ನನಗೆ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ. ಬಂಡಿಹಬ್ಬದಲ್ಲಿ ಸಿಕ್ಕವರೆಲ್ಲ "ಬೆಂಗಳೂರಿಗೆ ಯಾವಾಗ ಹೊರಟೆ?" ಎಂದು ಕೇಳಿದರು. ಒಂದು ವರ್ಷ ಮನೆಯಲ್ಲಿ ಕುಳಿತು ಮತ್ತೆ ಪ್ರಯತ್ನಿಸಲೇ, ಅಥವಾ ಇಲ್ಲೇ ಬಿಎಸ್ಸಿಗೆ ಸೇರಲೇ? ಅದಕ್ಕಿಂತ ಮೊದಲು, ಇದರಿಂದ ಹೊರಗೆ ಬರುವುದು ಹೇಗೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಅಘನಾಶಿನಿ, ಕುಮಟಾ

ತಂಗಿ, ಸಮಾಧಾನದ ಮಾತುಗಳನ್ನು ಹತ್ತಾರು ಜನ ಹೇಳಿರುತ್ತಾರೆ, ನಾನು ಹೇಳುವುದಿಲ್ಲ. ಹದಿಮೂರು ವರ್ಷಗಳ ಹಿಂದೆ ನನಗೂ ಇಂಥದೇ ಮೂರು ಸಾಲಿನ ಪತ್ರ ಬಂದಿತ್ತು. "ಆದದ್ದೆಲ್ಲ ಒಳಿತೇ ಆಯಿತು" ಎಂದವರ ಮೇಲೆ ಆಗ ಬಂದ ಸಿಟ್ಟು ಇಂದಿಗೂ ಪೂರ್ತಿ ಆರಿಲ್ಲ. ಬೇಕೆಂದು ಆಸೆಪಟ್ಟದ್ದು ಸಿಗಲಿಲ್ಲ, ಆದ್ದರಿಂದ ನೋವಾಗಿದೆ. ಅದನ್ನು ಅಷ್ಟಕ್ಕೇ ಬಿಡು. ಆ ವಿಶ್ವವಿದ್ಯಾಲಯವೇ ಸರಿಯಿಲ್ಲವೆಂದು ದ್ರಾಕ್ಷಿಯನ್ನು ಹುಳಿ ಮಾಡಿಕೊಳ್ಳಬೇಡ, ನಾನೇ ದಡ್ಡಿ ಎಂದು ತೀರ್ಮಾನಿಸಿಕೊಳ್ಳಲೂ ಬೇಡ.

ಅಪ್ಪನ ಮೌನದ ವಿಷಯ. ನನ್ನ ಅಪ್ಪನೂ ಮಾತಾಡಿರಲಿಲ್ಲ, ಅದು ಬೇಸರವೆಂದೇ ನಾನು ಎರಡು ತಿಂಗಳು ತಿಳಿದಿದ್ದೆ. ಏನಾದರೂ ಅಂದರೆ ನಾನು ಅಳುತ್ತೇನೆಂದು ಅವರು ಹೆದರಿದ್ದರಂತೆ. ನೀನೇ ಮೊದಲು ಮಾತು ತೆಗೆ. ಸಾಧ್ಯವಾದರೆ ಸೊಸೈಟಿಗೆ ಅವರ ಜೊತೆ ನೀನೂ ಹೋಗು. ಸಾಲ ಬೇಡವೆಂದು ಹೇಳುವುದು ಎರಡು ನಿಮಿಷದ ಕೆಲಸ, ಆದರೆ ಅದನ್ನು ಅವರೊಬ್ಬರೇ ಮಾಡಿ ಬಂದರೆ ನಿನ್ನ ಮನಸ್ಸಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಊರವರಿಗೆ ಒಂದೇ ವಾಕ್ಯವನ್ನು ಸಿದ್ಧ ಮಾಡಿಟ್ಟುಕೋ: "ಅಲ್ಲಿ ಸೀಟು ಆಗಲಿಲ್ಲ, ಇಲ್ಲೇ ಓದುತ್ತೇನೆ." ಹೇಳಿದ ಕೂಡಲೇ ಈ ವರ್ಷ ಮಾವು ಹೇಗೆಂದು ಕೇಳಿಬಿಡು. ನಮ್ಮ ಕಡೆ ಮಾವಿನ ಮಾತು ಶುರುವಾದರೆ ಸೀಟಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಇದು ಅನುಭವದ ಮಾತು.

ಇನ್ನೊಂದು ಮಾತು, ಇದನ್ನು ಲಘುವಾಗಿ ತೆಗೆದುಕೊಳ್ಳಬೇಡ. ನಿದ್ದೆಯಿಲ್ಲದ ರಾತ್ರಿಗಳು ಎರಡು ವಾರ ದಾಟಿದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ 14416ಕ್ಕೆ ಕರೆ ಮಾಡು. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಉತ್ತರ: ಕಾಳಿ ಸೇತುವೆ, ಕಾರವಾರ

ವರ್ಷ ಬಿಡುವ ವಿಷಯಕ್ಕಷ್ಟೇ ನನ್ನ ಉತ್ತರ. ನಾನು ಬಿಟ್ಟವನು. ಜೂನ್, ಜುಲೈ ಹುರುಪಿನಲ್ಲೇ ಹೋದವು. ಆಗಸ್ಟ್ ಹೊತ್ತಿಗೆ ಗೆಳೆಯರೆಲ್ಲ ಧಾರವಾಡ, ಮಂಗಳೂರಿನ ಹಾಸ್ಟೆಲುಗಳಿಂದ ಫೋಟೋ ಕಳಿಸುತ್ತಿದ್ದಾಗ, ಹೊರಗೆ ಬಿಡದೆ ಸುರಿಯುವ ಮಳೆಯಲ್ಲಿ ಒಂದೇ ಪುಸ್ತಕವನ್ನು ಮೂರನೆಯ ಸಲ ತೆರೆದು ಕುಳಿತಿದ್ದ ನನಗೆ ಓದುವುದೂ ಸಾಕಾಗಿತ್ತು, ಓದುತ್ತಿಲ್ಲವೆಂದು ಮನೆಯವರಿಗೆ ಹೇಳುವ ಧೈರ್ಯವೂ ಇರಲಿಲ್ಲ. ಎರಡನೆಯ ಸಲ ಅಂಕ ಸ್ವಲ್ಪ ಏರಿತು, ಸೀಟು ಮಾತ್ರ ಬೇರೆ ಕಡೆ ಸಿಕ್ಕಿತು. ಮೊದಲ ಸಲ ಕಾಯಿಲೆ ಬಿದ್ದೋ ಇನ್ನೇನೋ ಆಗಿ ಸರಿಯಾಗಿ ಬರೆಯಲಾಗದೆ ಹೋದವರು ಒಂದು ವರ್ಷ ಬಿಟ್ಟರೆ ಅದಕ್ಕೆ ಅರ್ಥವಿದೆ. ನೀವು ಲಿಖಿತ ಪರೀಕ್ಷೆ ದಾಟಿದವರು. ನಿಮಗೆ ಕಡಿಮೆಯಾದದ್ದು ಮನೆಯಲ್ಲಿ ಒಬ್ಬರೇ ಕುಳಿತು ತುಂಬಿಕೊಳ್ಳುವಂಥದ್ದಲ್ಲ ಎಂದು ನನಗನ್ನಿಸುತ್ತದೆ. ಕಾಲೇಜಿಗೆ ಸೇರಿಕೊಂಡು ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಕಾಶವಿದೆಯೇ ಎಂದು ಮೊದಲು ನಿಯಮ ನೋಡಿ.

ಉತ್ತರ: ನಿವೃತ್ತ ಅಧ್ಯಾಪಕ, ಶಿರಸಿ

ಮೂವತ್ತು ವರ್ಷ ಪಾಠ ಹೇಳಿದ್ದೇನೆ. ನಾಲ್ಕಾರು ಸಲ ಆಯ್ಕೆ ಸಮಿತಿಗಳಲ್ಲಿ ಮೇಜಿನ ಆಚೆ ಬದಿಗೂ ಕುಳಿತಿದ್ದೇನೆ. ಆ ಬದಿಯಿಂದ ಕಾಣುವುದನ್ನು ಹೇಳುತ್ತೇನೆ. ಐವತ್ತು ಸೀಟಿಗೆ ಇನ್ನೂರು ಮಕ್ಕಳು ಸಂದರ್ಶನಕ್ಕೆ ಬಂದರೆಂದು ಇಟ್ಟುಕೊಳ್ಳಿ. ಅವರಲ್ಲಿ ಹದಿನೈದು ಇಪ್ಪತ್ತು ಮಂದಿಯ ಬಗ್ಗೆ ಯಾರಿಗೂ ಅನುಮಾನವಿರುವುದಿಲ್ಲ. ಒಂದಷ್ಟು ಮಂದಿ ಬೇಡವೆಂಬುದರಲ್ಲೂ ತಕರಾರಿರುವುದಿಲ್ಲ. ನಡುವಿನ ನೂರು ಮಕ್ಕಳ ಪೈಕಿ ಯಾರನ್ನು ತೆಗೆದುಕೊಂಡರೂ ನಡೆಯುತ್ತಿತ್ತು ಎಂಬುದು ಆ ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು. ಊಟದ ಮುಂಚೆ ಬಂದವರಿಗೂ ಸಂಜೆ ನಾಲ್ಕಕ್ಕೆ ಬಂದವರಿಗೂ ನಾವು ಒಂದೇ ಮನಸ್ಸಿನಿಂದ ಅಂಕ ಕೊಟ್ಟೆವೆಂದು ನಾನು ಪ್ರಮಾಣ ಮಾಡಲಾರೆ. ಇಪ್ಪತ್ತು ನಿಮಿಷದ ಆ ಅಳತೆಯನ್ನು ನಿಮ್ಮ ಪೂರ್ತಿ ಬುದ್ಧಿಯ ಅಳತೆಯೆಂದು ತಿಳಿಯಬೇಡಿ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳುವ ಮಗುವಿಗೆ ಬೇಕಾಗುವ ಅರ್ಧ ನಿಮಿಷದ ಮೌನವನ್ನು ಎದುರಿಗಿದ್ದವರು ಅಜ್ಞಾನವೆಂದು ಓದಿಕೊಳ್ಳುವುದೂ ಉಂಟು. ಅದು ಅನ್ಯಾಯ, ಆದರೆ "ಸ್ವಲ್ಪ ಯೋಚಿಸಿ ಹೇಳುತ್ತೇನೆ" ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ರೂಢಿ ಮಾಡಿಕೊಂಡರೆ ಮುಂದಿನ ಸಲ ಆ ಮೌನ ನಿಮ್ಮದೇ ಆಗುತ್ತದೆ.

ವೆಂಕಿ ರಾಮಕೃಷ್ಣನ್ ಅವರ ಕಥೆಯನ್ನು ಇಷ್ಟರೊಳಗೆ ಯಾರಾದರೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿರಬಹುದು: ಐಐಟಿಯಲ್ಲೂ ವೆಲ್ಲೂರಿನ ವೈದ್ಯಕೀಯ ಕಾಲೇಜಿನಲ್ಲೂ ಸೀಟು ಸಿಗದೆ ಬರೋಡಾದಲ್ಲಿ ಬಿಎಸ್ಸಿ ಓದಿದವರು, 2009ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದರು. ಸೀಟು ತಪ್ಪಿದವರೆಲ್ಲ ನೊಬೆಲ್ ಪಡೆಯುವುದಿಲ್ಲವಾದ್ದರಿಂದ ಈ ಕಥೆ ಸಮಾಧಾನಕ್ಕೆ ಒದಗುವುದಿಲ್ಲ. ಅದರಲ್ಲಿ ಯಾರೂ ಹೇಳದ ಭಾಗವೇ ನಿಮಗೆ ಉಪಯೋಗದ್ದು. 1976ರಲ್ಲಿ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿದ ಮೇಲೆ ಅವರು ಮತ್ತೆ ವಿದ್ಯಾರ್ಥಿಯಾಗಿ ಸೇರಿ ಎರಡು ವರ್ಷ ಜೀವವಿಜ್ಞಾನವನ್ನು ಮೊದಲಿನಿಂದ ಕಲಿತರು. ಅಂದರೆ ಒಳಗೆ ಹೋಗುವ ಬಾಗಿಲು ಹದಿನೆಂಟನೆಯ ವಯಸ್ಸಿನಲ್ಲಿ ಮಾತ್ರ ತೆರೆದಿರುತ್ತದೆಂಬುದು ನಿಜವಲ್ಲ.

ಈಗ ವ್ಯವಹಾರದ ಮಾತು. ನಮ್ಮ ರಾಜ್ಯದಲ್ಲಿ ಪದವಿ ಈಗ ಮತ್ತೆ 3 ವರ್ಷದ್ದಾಗಿದೆ. ಅದು ಮುಗಿಯುವ ಹೊತ್ತಿಗೆ ಜಾಮ್ ಎಂಬ ಪರೀಕ್ಷೆ ಬರೆದರೆ ಐಐಟಿಗಳ ಎಂಎಸ್ಸಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ದಾರಿ ಇದೆ. ಜೀವವಿಜ್ಞಾನದವರಿಗೆ ಅದರಲ್ಲಿ ಬಯೋಟೆಕ್ನಾಲಜಿ ಪತ್ರಿಕೆ ಇದೆ. ಕಾಲೇಜು ದೊಡ್ಡದೋ ಸಣ್ಣದೋ ಎಂಬುದು ಆ ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ. ಪದವಿಯ ನಡುವೆಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳೂ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಹಾಕಿ. ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಇರಲು ಸಿಗುತ್ತದೆ. ಇನ್ನು ನಮ್ಮ ಜಿಲ್ಲೆಯಲ್ಲೇ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ, ಸಿಕ್ಕ ಒಂದು ಮರವನ್ನು 2000ದಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಆ ಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಅಧ್ಯಯನಕ್ಕೆಂದು ಹೊರಗಿನವರು ನಮ್ಮ ಅಳಿವೆಗಳಿಗೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಬರುತ್ತಾರೆ. ನೀವು ಹುಟ್ಟಿದ್ದೇ ಅಲ್ಲಿ.

ಕೊನೆಯದಾಗಿ, ನಿಮಗೆ ನಿದ್ದೆ ಕೆಡಿಸುತ್ತಿರುವ ಆ ಪ್ರಶ್ನೆ. ಅದು ಬಹಳ ಒಳ್ಳೆಯ ಪ್ರಶ್ನೆ. ಕೇಳಿದವರು ನಿಮ್ಮ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದರಿಂದಲೇ ಅದನ್ನು ಕೇಳಿದರು. ಬಿತ್ತನೆಯ ಕಾಲ ಬಂದಿದೆ. ಉತ್ತರವನ್ನು ಈಗ ಕೊಡಿ, ಅವರಿಗಲ್ಲ, ನಿಮಗೆ.

ಪ್ರತಿಕ್ರಿಯೆ: ಗಂಗಾವಳಿ ದಂಡೆಯವಳು

ಎಲ್ಲರಿಗೂ ಧನ್ಯವಾದಗಳು. ಸೊಸೈಟಿಗೆ ಅಪ್ಪನ ಜೊತೆ ಹೋಗಿದ್ದೆ. ಬರುವಾಗ ಅವರೇ ಚಹಾ ಕುಡಿಸಿದರು, ಮಾತು ಮಾತ್ರ ಮಳೆಯ ಬಗ್ಗೆಯೇ. ಬಿಎಸ್ಸಿಗೆ ಅರ್ಜಿ ತಂದಿದ್ದೇನೆ. ಬೇಸರ ಹೋಗಿದೆಯೆಂದು ಹೇಳಲಾರೆ, ನಿನ್ನೆಯೂ ಅತ್ತಿದ್ದೇನೆ. ಆದರೆ ಆ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದು ನೋಡಿದಾಗ ಉತ್ತರ ತಾನಾಗಿಯೇ ಬಂತು. ಕಗ್ಗವನ್ನೂ ಬೇರೊಂದು ಭತ್ತವನ್ನೂ ಒಂದೇ ಮಣ್ಣಿನಲ್ಲಿ, ಒಂದೇ ಪ್ರಮಾಣದ ಉಪ್ಪುನೀರಿನಲ್ಲಿ ಬೆಳೆದು ಹೋಲಿಸಬೇಕಲ್ಲವೇ? ಚಿಕ್ಕಪ್ಪ ಎರಡು ಸೇರು ಕಗ್ಗದ ಬೀಜ ಕೊಡುತ್ತೇನೆಂದಿದ್ದಾರೆ. ಸರ್, ಉಪ್ಪು ಎಷ್ಟು ಹಾಕಬೇಕು? ಹೊಳೆಯ ನೀರನ್ನೇ ಬಳಸಬಹುದೇ?

ಉತ್ತರ: ನಿವೃತ್ತ ಅಧ್ಯಾಪಕ, ಶಿರಸಿ

ಹೊಳೆಯ ನೀರು ಬೇಡ. ಮಳೆ ಹಿಡಿದ ಮೇಲೆ ಅದರ ಉಪ್ಪು ದಿನಕ್ಕೊಂದು ತೆರನಾಗಿರುತ್ತದೆ. ಸಾಣಿಕಟ್ಟೆಯ ಉಪ್ಪನ್ನು ತೂಗಿ ಬಾವಿಯ ನೀರಿಗೆ ಬೆರೆಸಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಷ್ಟಕ್ಕೆ ಯಾವ ಭತ್ತವೂ ಉಳಿಯದು. ಸಾಮಾನ್ಯ ಭತ್ತ 2 ಗ್ರಾಂ ಸುಮಾರಿಗೇ ಕುಗ್ಗಲು ತೊಡಗುವುದರಿಂದ ಉಪ್ಪಿಲ್ಲದ ನೀರು, 2, 4, 6, 8 ಗ್ರಾಂ ಎಂದು ಐದು ಪ್ರಮಾಣ ಇಟ್ಟುಕೊಳ್ಳಿ. ಕುಂಡಗಳು ಮಾಡಿನ ಕೆಳಗಿರಲಿ, ಇಲ್ಲದಿದ್ದರೆ ಮಳೆಯೇ ಉಪ್ಪನ್ನು ತೊಳೆದುಬಿಟ್ಟು ಮತ್ತೆ ಅದೇ ಪ್ರಶ್ನೆ ಎದುರಿಗೆ ಬರುತ್ತದೆ. ಒಂದೊಂದು ಪ್ರಮಾಣಕ್ಕೆ ಪ್ರತಿ ತಳಿಯ ಮೂರು ಕುಂಡಗಳಾದರೂ ಬೇಕು. ಒಂದನ್ನು ಕೋಳಿ ಕೆದರಿದರೂ ಲೆಕ್ಕ ನಿಲ್ಲಬಾರದು.